ಬಿಡಿಯಾದ ಸುದ್ದಿ, ಬದಲಾದ ಲೆಕ್ಕ

ಯಾವುದೋ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಎರಡು ತಿಂಗಳಾಗಿದೆ ಎಂದುಕೊಳ್ಳಿ. ಮೂರು ದಶಕದ ಹಿಂದೆ ಇಂಥ ಸುದ್ದಿ ಪತ್ರಿಕಾ ಕಚೇರಿಗೆ ಬರುತ್ತಿದ್ದುದು ಬಸ್ಸಿನಲ್ಲಿ. ಬಿಡಿ ಸುದ್ದಿಗಾರರು ಕೈಬರಹದ ಹಾಳೆ, ಫೋಟೊ ಎರಡನ್ನೂ ಕವರಿಗೆ ಹಾಕಿ ಕಂಡಕ್ಟರ್ ಕೈಗಿಡುತ್ತಿದ್ದರು. ಊರಿನ ನಿಲ್ದಾಣದಲ್ಲಿ ಕಚೇರಿಯ ಹುಡುಗ ಕಾದು ನಿಂತು ತರುತ್ತಿದ್ದ. ಆಮೇಲೆ ಫ್ಯಾಕ್ಸ್ ಬಂತು, ಇ-ಮೇಲ್ ಬಂತು. ಈಗ ವರದಿಗಾರರು ಘಟಕದ ಮುಂದೆ ನಿಂತೇ ಮೊಬೈಲಿನಲ್ಲಿ ಟೈಪಿಸಿ, ಫೋಟೊ, ವಿಡಿಯೊ ಸಮೇತ ಡೆಸ್ಕಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡುತ್ತಾರೆ. ಈ ವೇಗ ಎಲ್ಲರ ಕಣ್ಣಿಗೂ ಬಿದ್ದಿದೆ. ಆ ಸುದ್ದಿಗೆ ಬೆಲೆ ಕಟ್ಟುವ ಲೆಕ್ಕವೇ ಬೇರೆಯಾಗಿರುವುದು ಅಷ್ಟಾಗಿ ಕಂಡಿಲ್ಲ.

ಅಚ್ಚಿನ ಪತ್ರಿಕೆ ಮಾರಾಟವಾಗುವುದು ಇಡಿಯಾಗಿ. ಓದುಗರು ಕೊಡುವ ದುಡ್ಡು ಕಾಗದ, ಮುದ್ರಣ, ಸಾಗಣೆ, ಏಜೆಂಟರ ಕಮಿಷನ್ನಿಗೇ ಸಾಲದು; ಕೊರತೆ ತುಂಬುವುದು ಜಾಹೀರಾತು. ಕ್ರಿಕೆಟ್ಟಿಗಾಗಿ ಕೊಂಡವರು, ದಿನಭವಿಷ್ಯಕ್ಕಾಗಿ ಕೊಂಡವರು, ಪದಬಂಧ ಬಿಡಿಸಲು ಕೊಂಡವರು, ಎಲ್ಲರ ಹಣವೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಹಾಗಾಗಿ ನೀರಿನ ಘಟಕದ ಸುದ್ದಿಯನ್ನು ಎಷ್ಟು ಜನ ಓದಿದರೆಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ತಿಳಿಯುವ ದಾರಿ ಇರಲಿಲ್ಲ. ಜಿಲ್ಲಾ ಪುಟದಲ್ಲಿ ಅದಕ್ಕೆ ಜಾಗ ಸಿಗುತ್ತಿತ್ತು. ಮರುದಿನ ಆ ತುಣುಕು ಅಧಿಕಾರಿಯ ಮೇಜಿನ ಮೇಲಿರುತ್ತಿತ್ತು.

ಅದೇ ಸುದ್ದಿ ಜಾಲತಾಣಕ್ಕೆ ಹೋಗುವಾಗ ಏನಾಗುತ್ತದೆ ನೋಡಿ. ಮೊದಲ ತೊಡಕು ಅಕ್ಷರದ್ದು. ಬಹುಕಾಲ ಕನ್ನಡ ಪತ್ರಿಕೆಗಳ ಪುಟ ಕಟ್ಟಿದ್ದು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ. ಅಲ್ಲಿ ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಕನ್ನಡ ಕಾಣುವುದು ಆ ಫಾಂಟ್ ಇದ್ದಾಗ ಮಾತ್ರ. ಅಂಥ ಬರಹ ಗೂಗಲ್ ಹುಡುಕಾಟಕ್ಕೆ ಸಿಗದು. ಆದ್ದರಿಂದ ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ: ಹಳೆಯ ಫಾಂಟಿನಲ್ಲಿ ‘ನಾ’ ಆದ ಮೇಲೆ ಅರ್ಕಾವತ್ತಿನ ಸಂಕೇತ ಬರುತ್ತದೆ, ಯೂನಿಕೋಡಿನಲ್ಲಿ ‘ನ’ಕ್ಕೂ ಮೊದಲು ‘ರ್’ ಬರುತ್ತದೆ. ಈ ಅದಲುಬದಲು ಸರಿಯಾಗಿ ಆಗದಿದ್ದರೆ ಪದ ಕೆಡುತ್ತದೆ. ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿರುವ ನಮ್ಮ ನಾಡಿನ ಎಷ್ಟೋ ಚರಿತ್ರೆ ಇನ್ನೂ ಹುಡುಕಾಟಕ್ಕೆ ಸಿಗದೇ ಇರುವುದಕ್ಕೆ ಇದೂ ಒಂದು ಕಾರಣ, ಮತ್ತು ಇದು ನಿಜಕ್ಕೂ ದೊಡ್ಡ ನಷ್ಟ.

ಇನ್ನು ಹಣದ ಮಾತು. ನೀವು ಸುದ್ದಿಯ ಕೊಂಡಿ ಒತ್ತಿ ಪುಟ ತೆರೆದುಕೊಳ್ಳುವಷ್ಟರಲ್ಲಿ, ಕಣ್ಣೆವೆ ಮಿಟುಕಿಸುವ ಹೊತ್ತಿನಲ್ಲೇ, ಅಲ್ಲಿನ ಜಾಹೀರಾತಿನ ಜಾಗ ಹರಾಜಾಗಿರುತ್ತದೆ. ನೀವು ಯಾವ ಊರಿನಿಂದ ನೋಡುತ್ತಿದ್ದೀರಿ, ಯಾವ ಫೋನು, ಈಚೆಗೆ ಏನೇನು ಹುಡುಕಿದ್ದಿರಿ ಎಂಬುದರ ಮೇಲೆ ಜಾಹೀರಾತುದಾರರ ಪರವಾಗಿ ಯಂತ್ರಗಳೇ ಕೂಗುತ್ತವೆ. ಬೆಲೆ ನಿಗದಿಯಾಗುವುದು ಸಾವಿರ ನೋಟಗಳಿಗೆ ಇಷ್ಟು ಎಂದು. ಅಮೆರಿಕದಲ್ಲಿ ಕೂತು ತೆರೆಯುವ ಕನ್ನಡಿಗರ ನೋಟಕ್ಕೆ ಸಿಗುವ ದರ ರಾಯಚೂರಿನ ಓದುಗರ ನೋಟಕ್ಕೆ ಸಾಮಾನ್ಯವಾಗಿ ಸಿಗದು. ಇಡಿ ಪತ್ರಿಕೆಯ ಆಸರೆಯಿಲ್ಲದೆ ಪ್ರತಿಯೊಂದು ಸುದ್ದಿಯೂ ತನ್ನ ಅನ್ನ ತಾನೇ ದುಡಿಯಬೇಕು. ಸಂಪಾದಕರ ಮುಂದಿನ ಪರದೆಯಲ್ಲಿ ಆ ಕ್ಷಣಕ್ಕೆ ಯಾವ ಸುದ್ದಿಯನ್ನು ಎಷ್ಟು ಜನ ನೋಡುತ್ತಿದ್ದಾರೆಂಬ ಅಂಕಿ ಓಡುತ್ತಿರುತ್ತದೆ. ಸಿನಿಮಾ ನಟಿಯ ಮದುವೆಯ ಪಕ್ಕದಲ್ಲಿ ನೀರಿನ ಘಟಕ ನಿಲ್ಲಲಾರದು. ‘ಈ ವಿಷಯ ಗೊತ್ತಾದರೆ ಬೆಚ್ಚಿಬೀಳ್ತೀರಿ’ ಎಂಬಂಥ ತಲೆಬರಹ ಹುಟ್ಟುವುದು ಇಲ್ಲಿಯೇ. ಉಪಸಂಪಾದಕರ ಅಭಿರುಚಿ ಕೆಟ್ಟಿತೆಂದು ಬೈಯುವುದು ಸುಲಭ. ಆದರೆ ಅವರ ಕೈಗೆ ಕೊಟ್ಟಿರುವ ಅಳತೆಗೋಲೇ ಅಂಥದ್ದು.

ಆ ಅಳತೆಗೋಲೂ ಪತ್ರಿಕೆಯ ಕೈಯಲ್ಲಿಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್, ಸಂಸ್ಥೆಗಳ ಪೋಸ್ಟುಗಳಿಗಿಂತ ಬಂಧುಮಿತ್ರರ ಪೋಸ್ಟುಗಳಿಗೆ ಆದ್ಯತೆ ಎಂದು ಪ್ರಕಟಿಸಿತು. ಅಲ್ಲಿಂದ ಬರುವ ಓದುಗರನ್ನೇ ನೆಚ್ಚಿದ್ದ ಸುದ್ದಿತಾಣಗಳು ಜಗತ್ತಿನಾದ್ಯಂತ ಬಡವಾದವು. ಜಾಹೀರಾತಿನ ಆದಾಯ ಹಂಚಿಕೆ ನ್ಯಾಯವಾಗಿಲ್ಲವೆಂದು ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘ ದೂರಿದಾಗ ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. ಈಗ ಗೂಗಲ್ ಹುಡುಕಾಟದ ಪುಟದಲ್ಲೇ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶ ಸಿಗುತ್ತಿದೆ. ಅಷ್ಟನ್ನೇ ಓದಿ ತೃಪ್ತರಾದವರು ವರದಿ ಬರೆದವರ ತಾಣಕ್ಕೆ ಬರುವುದೇ ಇಲ್ಲ. ಬೆಳಗಾಗುತ್ತಲೇ ಇ-ಪೇಪರಿನ ಪಿಡಿಎಫ್‌ ಅನ್ನು ಬಂಧುಬಳಗದ ಗುಂಪಿಗೆ ಹಾಕುವವರು ಉಪಕಾರ ಮಾಡುತ್ತಿದ್ದೇವೆ ಎಂದೇ ಭಾವಿಸಿರುತ್ತಾರೆ, ಆದರೆ ಆ ಓದು ಪತ್ರಿಕೆಯ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಒಳಿತೂ ಇದೆ, ಅದನ್ನು ಮರೆಯಬಾರದು. ಘಟಕದ ವಿಡಿಯೊ ಜಿಲ್ಲಾ ಪಂಚಾಯಿತಿ ಸಿಇಒ ಅವರ ಫೋನಿಗೆ ಮಧ್ಯಾಹ್ನವೇ ತಲುಪಿ ಸಂಜೆಗೆ ರಿಪೇರಿಯವರು ಬರುವುದುಂಟು. ಆದರೆ ಪರಿಶೀಲಿಸದ ವಿಡಿಯೊಗೂ ಅಷ್ಟೇ ವೇಗ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಇಂಥ ಸಾವುಗಳ ಸರಣಿಯ ನಡುವೆ, ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಲು ಹೊರಟಿತು.

ಹಾಗಾಗಿ ಡೆಸ್ಕಿನಲ್ಲಿ ಈಗ ಹೊಸ ಕೆಲಸವೊಂದು ಸೇರಿದೆ. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಅದು ಹಿಂದೆಲ್ಲಾದರೂ ಕಾಣಿಸಿಕೊಂಡಿದೆಯೇ ನೋಡುವುದು, ಹಿನ್ನೆಲೆಯ ಅಂಗಡಿ ಬೋರ್ಡಿನ ಭಾಷೆ, ವಾಹನದ ನಂಬರ್ ಪ್ಲೇಟು ಗಮನಿಸುವುದು, ಠಾಣೆಗೋ ತಹಶೀಲ್ದಾರರಿಗೋ ಫೋನ್ ಮಾಡುವುದು. ಇದರಲ್ಲಿ ಮೊದಲಿನವನ್ನು ಓದುಗರೂ ಮಾಡಬಹುದು. ಪತ್ರಿಕೆಯ ಲಾಂಛನ ಅಂಟಿಸಿದ ನಕಲಿ ಸುದ್ದಿ ಕಾರ್ಡು ಬಂದಾಗ ಇನ್ನೂ ಸುಲಭ: ಆ ದಿನಾಂಕದ ಇ-ಪೇಪರ್ ತೆರೆದು ನೋಡಿ, ಅಥವಾ ಆ ಪತ್ರಿಕೆಯ ತಾಣದಲ್ಲೇ ಹುಡುಕಿ.

ಮತ್ತೊಂದು ಗುರುತೂ ಉಂಟು. ಮುದ್ರಕರು, ಪ್ರಕಾಶಕರ ಹೆಸರು ಅಚ್ಚಿಸಬೇಕೆಂಬ ಕಟ್ಟಳೆ 1867ರ ಕಾಯ್ದೆಯ ಕಾಲದಿಂದ ಬಂದದ್ದು; ಸಂಪಾದಕರ ಹೆಸರು ಆಮೇಲೆ ಸೇರಿದ್ದು. ಪತ್ರಿಕೆಯ ಯಾವುದಾದರೂ ಪುಟದ ತಳದಲ್ಲಿ ಆ ಸಾಲು ಸಿಗುತ್ತದೆ. ಸುದ್ದಿತಾಣವೊಂದು ಹೊಸದಾಗಿ ಕಣ್ಣಿಗೆ ಬಿದ್ದರೆ ‘ನಮ್ಮ ಬಗ್ಗೆ’ ಪುಟ ತೆರೆಯಿರಿ. ಸಂಪಾದಕರ ಹೆಸರಿಲ್ಲ, ವಿಳಾಸವಿಲ್ಲ, ದೂರವಾಣಿಯಿಲ್ಲ ಎಂದಾದರೆ, ನಾಳೆ ನಿಮ್ಮ ಊರಿನ ಬಗ್ಗೆ ಸುಳ್ಳು ಬರೆದಾಗ ತಿದ್ದಿ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ.