ಮೊಣಕಾಲಿಗೆ ಕರೆಂಟು ಸರಿ, ಬೋರಿನ ನೀರಿಗೇನು ಮದ್ದು?

ಯಲಬುರ್ಗಾ: ಬಸ್ಸಿನ ಪಾವಟಿಗೆ ಹತ್ತುವಾಗ "ಯವ್ವಾ" ಎಂದು ಮೊಣಕಾಲು ಹಿಡಿದುಕೊಳ್ಳುವವರು ಈ ಭಾಗದಲ್ಲಿ ಕಡಿಮೆಯಿಲ್ಲ. ದಿನವಿಡೀ ಗಲ್ಲಾದ ಮುಂದೆ ಕೂತ ಅಂಗಡಿ ಸಾವುಕಾರರಿಗೂ ಅದೇ ಕಾಟ. ಪುಕ್ಕಟೆ ಸಲಹೆಗಂತೂ ಬರವಿಲ್ಲ: "ಮ್ಯಾಗ್ನೆಟ್ ಪಟ್ಟಿ ಕಟ್ರೀ, ಇಲ್ಲಾಂದ್ರ ಕರೆಂಟ್ ಕೊಡಸ್ರೀ."

ಇವೆರಡೂ ಒಂದೇ ಅಲ್ಲ. ಪಟ್ಟಿಯೊಳಗಿರುವುದು ಬರೀ ಅಯಸ್ಕಾಂತ. ಅದರಿಂದ ನೋವು ಇಳಿಯುತ್ತದೆಂಬುದಕ್ಕೆ ಪರೀಕ್ಷೆಗಳಲ್ಲಿ ನಂಬುವಂಥ ಆಧಾರ ಸಿಕ್ಕಿಲ್ಲ. ರೊಕ್ಕ ದಂಡ. ವಿದ್ಯುತ್ ಕಾಂತ ಯಂತ್ರದ ಮಾತು ಬೇರೆ. ತಂತಿಯ ಸುರುಳಿಯಲ್ಲಿ ಬಿಟ್ಟು ಬಿಟ್ಟು ವಿದ್ಯುತ್ ಹರಿಸಿದಾಗ ಸುತ್ತ ಕಾಂತಕ್ಷೇತ್ರ ಏಳುತ್ತದೆ, ಬೀಳುತ್ತದೆ. ಅದು ಚರ್ಮ ದಾಟಿ ಒಳಗೆ ಅತಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಶಾಕ್ ಏನೂ ಹೊಡೆಯುವುದಿಲ್ಲ. ಮುರಿದು ಕೂಡದೇ ಉಳಿದ ಎಲುಬಿಗೆ ಇದನ್ನು ಬಳಸಲು ಅಮೆರಿಕ 1979ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಸವೆದ ಕೀಲುಗಳ ಬಗ್ಗೆ 2013ರಲ್ಲಿ ಕಾಕ್ರೇನ್ ಸಂಸ್ಥೆ 9 ಪರೀಕ್ಷೆಗಳ 636 ಜನರ ಲೆಕ್ಕ ತೆಗೆಯಿತು. ನೋವು ತುಸು ಇಳಿದದ್ದು ನಿಜ, ಆದರೆ ಓಡಾಟ ಸುಧಾರಿಸಿತೆಂದು ಖಾತ್ರಿಯಾಗಿ ಹೇಳಲಾಗಲಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು, ಬಸುರಿಯರು ಮಾತ್ರ ಇದರ ಹತ್ತಿರ ಸುಳಿಯದಿರುವುದೇ ಲೇಸು.

ಆದರೆ ಯಲಬುರ್ಗಾ ಸೀಮೆಯಲ್ಲಿ ಯಂತ್ರಕ್ಕಿಂತ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಮನೆಯಲ್ಲಿ ಕುಡಿಯುವ ನೀರು ಯಾವುದು? ಕೊಪ್ಪಳ ಜಿಲ್ಲೆಯ ಕಲ್ಲುನೆಲದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಯಲಬುರ್ಗಾ, ಕುಷ್ಟಗಿ ತಾಲೂಕುಗಳಿಗೆ ಇದು ಚಿರಪರಿಚಿತ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ದೊಡ್ಡವರ ಕೀಲು ಬಿಗಿಯುತ್ತವೆ, ಬರಬರುತ್ತ ಬೆನ್ನೇ ಬಾಗುತ್ತದೆ. ಶುರುವಿನಲ್ಲಿ ಥೇಟ್ ಸಂಧಿವಾತದ ಹಾಗೇ ಕಾಣುವುದರಿಂದ ಎಷ್ಟೋ ಜನ ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಯಂತ್ರದ ಕೆಳಗೆ ಕಾಲು ಚಾಚಿ ಮಲಗಿ, ಮನೆಗೆ ಬಂದು ಅದೇ ಕೊಡದ ನೀರು ಕುಡಿದರೆ ಬಂದ ಭಾಗ್ಯವೇನು? ಕಾಸಿ ಕುಡಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ಘಟಕ ಕೆಟ್ಟು ನಿಂತ ದಿನ ಜನ ಮತ್ತೆ ಬೋರಿನ ಕಡೆಗೇ ಕೊಡ ಹಿಡಿದು ಹೋಗುತ್ತಾರೆ, ಪಾಪ ಅವರಾದರೂ ಏನು ಮಾಡಿಯಾರು. ಕೀಲು ನೋವೆಂದು ಡಾಕ್ಟರ ಬಳಿ ಹೋಗುವವರು ಕುಡಿಯುವ ನೀರು ಎಲ್ಲಿಯದೆಂದು ಅವರಿಗೆ ತಾವಾಗಿ ಹೇಳಬೇಕು. ಒಂದು ಪ್ಲಾಸ್ಟಿಕ್ ಬಾಟಲಿ ನೀರನ್ನು ಪರೀಕ್ಷೆಗೂ ಕೊಡಬೇಕು. ಮೊದಲ ವಿಚಾರಣೆ ಗ್ರಾಮ ಪಂಚಾಯಿತಿಯಲ್ಲಿ.