ಸಾಲದ ಮನೆಯ ‘ಶಾರ್ಟ್ ಸೇಲ್’: ಕಾನೂನು ಹೇಳುವುದೇನು, ವದಂತಿ ಹೇಳುವುದೇನು?

ಹೊಸಪೇಟೆ: ಬ್ಯಾಂಕಿಗೆ ಅಡವಿಟ್ಟ ಮನೆಯ ಬೆಲೆಯು ಬಾಕಿ ಸಾಲಕ್ಕಿಂತ ಕಡಿಮೆಯಾದಾಗ, ಸಿಕ್ಕ ಬೆಲೆಗೆ ಮನೆಯನ್ನು ಮಾರಿ, ಬಂದ ಹಣವನ್ನು ಬ್ಯಾಂಕಿಗೆ ಕಟ್ಟಿದರೆ ಉಳಿದ ಸಾಲ ತಾನಾಗಿಯೇ ಮನ್ನಾ ಆಗುತ್ತದೆ ಎಂಬ ಮಾತಿದೆ. ದಲ್ಲಾಳಿಗಳು, ಮೊಬೈಲ್ ವಿಡಿಯೊಗಳು ಇದನ್ನು ‘ಶಾರ್ಟ್ ಸೇಲ್’ ಎಂದು ಕರೆಯುವುದುಂಟು. ಈ ಮಾತಿನ ಮೊದಲರ್ಧ ಸಾಧ್ಯವಿರುವ ಸಂಗತಿ. ಎರಡನೆಯ ಅರ್ಧವನ್ನು ನಂಬಿದವರು ಮನೆಯನ್ನೂ ಕಳೆದುಕೊಂಡು ಸಾಲವನ್ನೂ ಉಳಿಸಿಕೊಳ್ಳುವ ಅಪಾಯವಿದೆ.

ಈ ಪದ ಅಮೆರಿಕದಿಂದ ಬಂದುದು. ಷೇರುಪೇಟೆಯಲ್ಲಿ ಕೇಳಿಬರುವ ‘ಶಾರ್ಟ್ ಸೆಲ್ಲಿಂಗ್’ಗೂ ಇದಕ್ಕೂ ಸಂಬಂಧವಿಲ್ಲ. 2007-08ರಲ್ಲಿ ಅಲ್ಲಿ ಮನೆಗಳ ಬೆಲೆ ಕುಸಿದಾಗ, ಸಾಲಕ್ಕಿಂತ ಕಡಿಮೆ ಬೆಲೆಗೆ ಮನೆ ಮಾರಲು ಸಾಲ ಕೊಟ್ಟವರೇ ಒಪ್ಪಿಗೆ ನೀಡುವ ಪದ್ಧತಿ ವ್ಯಾಪಕವಾಯಿತು. 2010ರಿಂದ 2016ರವರೆಗೆ ಅಲ್ಲಿನ ಕೇಂದ್ರ ಸರ್ಕಾರ ನಡೆಸಿದ ಒಂದು ಯೋಜನೆಯಲ್ಲಿ ಹೀಗೆ ಮಾರಿದವರನ್ನು ಉಳಿದ ಸಾಲದಿಂದ ಬಿಡುಗಡೆ ಮಾಡಲಾಗುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯವು 2011ರಲ್ಲಿ, ಒಪ್ಪಿಗೆ ಕೊಟ್ಟ ಬ್ಯಾಂಕು ನಂತರ ಉಳಿಕೆ ಹಣ ಕೇಳದಂತೆ ಕಾನೂನನ್ನೇ ಮಾಡಿತು. ಭಾರತದಲ್ಲಿ ಅಂಥ ಕಾನೂನು ಇಲ್ಲ. ಅಲ್ಲಿಯ ನೆಂಟರು ಹೇಳಿದ ಕಥೆ ಅಲ್ಲಿಗೆ ನಿಜವಾದರೂ ಇಲ್ಲಿಗೆ ಅನ್ವಯಿಸುವುದಿಲ್ಲ.

ಹೊಸಪೇಟೆ, ಸಂಡೂರು ಭಾಗಕ್ಕೆ ಈ ಪ್ರಶ್ನೆ ಹೊಸದಲ್ಲ. ಕಬ್ಬಿಣದ ಅದಿರಿಗೆ ಚೀನಾದಿಂದ ಬೇಡಿಕೆ ಏರಿದ ವರ್ಷಗಳಲ್ಲಿ ಇಲ್ಲಿ ಲಾರಿಗಳ ಸಂಖ್ಯೆಯೂ ನಿವೇಶನಗಳ ಬೆಲೆಯೂ ಜತೆಜತೆಯಾಗಿ ಏರಿದವು. ಲಾರಿಯ ದುಡಿಮೆಯನ್ನು ನಂಬಿ ಮನೆ ಕಟ್ಟಿದವರು, ಮನೆಯನ್ನು ಅಡವಿಟ್ಟು ಎರಡನೆಯ ಲಾರಿ ಕೊಂಡವರು ಇದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. 2013ರ ಏಪ್ರಿಲ್ 18ರ ತೀರ್ಪಿನ ನಂತರ ಷರತ್ತುಗಳೊಂದಿಗೆ ಗಣಿಗಳು ಒಂದೊಂದಾಗಿ ತೆರೆದರೂ, ಉತ್ಪಾದನೆಗೆ ಮಿತಿ ಬಿದ್ದ ಕಾರಣ ಹಳೆಯ ಭರಾಟೆ ಮರಳಲಿಲ್ಲ. ಒಂದೇ ಕಸುಬನ್ನು ನೆಚ್ಚಿದ ಊರಿನಲ್ಲಿ ಆದಾಯ ನಿಂತ ದಿನವೇ ಮನೆ ಕೊಳ್ಳುವವರೂ ಕಾಣೆಯಾಗುತ್ತಾರೆ. ಸಾಲಕ್ಕಿಂತ ಮನೆಯ ಬೆಲೆ ಕೆಳಗಿಳಿಯುವುದು ಇಂಥ ಹೊತ್ತಿನಲ್ಲಿಯೇ.

ಇಲ್ಲಿ ಅನ್ವಯವಾಗುವುದು 2002ರ ಸರ್ಫೇಸಿ ಕಾಯ್ದೆ. ಕಂತು ಸಲ್ಲದೆ 90 ದಿನ ಮೀರಿದರೆ ಸಾಲವನ್ನು ವಸೂಲಾಗದ ಸಾಲವೆಂದು, ಅಂದರೆ ಎನ್‌ಪಿಎ ಎಂದು ವರ್ಗೀಕರಿಸಲಾಗುತ್ತದೆ. ಬಳಿಕ ಬ್ಯಾಂಕು 13(2)ನೇ ಕಲಮಿನಡಿ ನೋಟಿಸು ಕೊಡುತ್ತದೆ. ಪೂರ್ಣ ಬಾಕಿ ಕಟ್ಟಲು 60 ದಿನಗಳ ಅವಕಾಶವಿರುತ್ತದೆ. ಈ ಅವಧಿಯಲ್ಲಿ ಸಾಲಗಾರನು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ 15 ದಿನಗಳೊಳಗೆ ಬ್ಯಾಂಕು ಉತ್ತರಿಸಲೇಬೇಕು. ನೋಟಿಸನ್ನು ಪಡೆಯದೆ ಅಂಚೆಯವನನ್ನು ಹಿಂದಕ್ಕೆ ಕಳುಹಿಸಿದರೆ ಕ್ರಮ ನಿಲ್ಲುತ್ತದೆ ಎಂಬ ನಂಬಿಕೆ ಹುಸಿ. ಮನೆಯ ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ ನೋಟಿಸು ಜಾರಿ ಮಾಡಲು ನಿಯಮಗಳಲ್ಲಿ ಅವಕಾಶವಿದೆ.

ಅರವತ್ತು ದಿನ ಕಳೆದ ಮೇಲೆ ಬ್ಯಾಂಕು ಸ್ವಾಧೀನಕ್ಕೆ ಮುಂದಾಗಬಹುದು. ಅದಕ್ಕೆ ಜಿಲ್ಲಾ ದಂಡಾಧಿಕಾರಿಯ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ನೆರವನ್ನೂ ಕೋರಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಕಾರಣ ಹೊಸಪೇಟೆ, ಹಂಪಿಯ ಆಸ್ತಿಗಳ ಅರ್ಜಿ ಹೊಸಪೇಟೆಯ ಜಿಲ್ಲಾಧಿಕಾರಿಯ ಮುಂದೆಯೂ, ಸಂಡೂರು, ಕಂಪ್ಲಿಯವು ಬಳ್ಳಾರಿಯ ಜಿಲ್ಲಾಧಿಕಾರಿಯ ಮುಂದೆಯೂ ಬರುತ್ತವೆ. ಬ್ಯಾಂಕಿನ ಕ್ರಮ ತಪ್ಪೆನಿಸಿದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅದಿರುವುದು ಬೆಂಗಳೂರಿನಲ್ಲಿ. ಊರಿನ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದುಕೊಡುವುದಾಗಿ ಹೇಳಿ ಹಣ ಪಡೆಯುವವರಿದ್ದರೆ, ಇಂಥ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ಕಾಯ್ದೆಯ 34ನೇ ಕಲಮು ನಿರ್ಬಂಧಿಸಿರುವುದನ್ನು ನೆನಪಿಡಬೇಕು.

ಹಾಗಾದರೆ ಮಾಲೀಕನೇ ಮನೆ ಮಾರಬಹುದೇ? ಮಾರಬಹುದು, ಬ್ಯಾಂಕು ಒಪ್ಪಿದರೆ. 13(2)ರ ನೋಟಿಸು ಬಂದ ಬಳಿಕ, ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಅಡವಿಟ್ಟ ಆಸ್ತಿಯನ್ನು ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. ಇದನ್ನು ಮೀರುವುದು ದಂಡನೀಯ ಅಪರಾಧ. ಇನ್ನೊಂದು ಮಿತಿ ಸಮಯದ್ದು. 2016ರ ತಿದ್ದುಪಡಿಯ ಪ್ರಕಾರ ಪೂರ್ಣ ಬಾಕಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆ ಹೊರಡುವವರೆಗೆ ಮಾತ್ರ ಇರುತ್ತದೆ. ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತು. ಹರಾಜಿನ ದಿನದವರೆಗೂ ಸಮಯವಿದೆ ಎಂಬ ಹಳೆಯ ತಿಳಿವಳಿಕೆ ಈಗ ನಡೆಯುವುದಿಲ್ಲ. ಆದುದರಿಂದ ಖರೀದಿದಾರನನ್ನು ಹುಡುಕುವ ಕೆಲಸ ನೋಟಿಸಿಗೂ ಮೊದಲೇ, ಎರಡು ಕಂತು ತಪ್ಪಿದಾಗಲೇ ಆರಂಭವಾಗುವುದು ಜಾಣತನ. ಹರಾಜಿಗಿಂತ ನೇರ ಮಾರಾಟದಲ್ಲಿ ಬೆಲೆ ಹೆಚ್ಚು ಬರುವ ಸಂಭವವಿರುವುದರಿಂದ, ಇದರಲ್ಲಿ ಬ್ಯಾಂಕಿಗೂ ಹಿತವಿದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಬಾಕಿ ಸಾಲ 32 ಲಕ್ಷ ರೂಪಾಯಿ. ಮನೆಗೆ ಸಿಕ್ಕ ಬೆಲೆ 26 ಲಕ್ಷ. ಮಾಲೀಕ, ಖರೀದಿದಾರ, ಬ್ಯಾಂಕು ಮೂವರೂ ಕುಳಿತು, ಖರೀದಿದಾರನ ಹಣ ನೇರವಾಗಿ ಸಾಲದ ಖಾತೆಗೇ ಹೋಗುವಂತೆಯೂ, ನೋಂದಣಿಯ ಹೊತ್ತಿಗೆ ಬ್ಯಾಂಕು ಮೂಲ ಪತ್ರಗಳನ್ನು ಬಿಟ್ಟುಕೊಡುವಂತೆಯೂ ಒಪ್ಪಂದ ಮಾಡಿಕೊಳ್ಳಬಹುದು. ಇಷ್ಟಾದರೂ 6 ಲಕ್ಷ ಉಳಿಯಿತು. ಮಾಲೀಕನು ಅದನ್ನು ಬೇರೆಡೆಯಿಂದ ತಂದು ಕಟ್ಟಬಹುದು. ಇಲ್ಲವೇ ಭದ್ರತೆಯಿಲ್ಲದ ಸಾಲವಾಗಿ ಅದು ಮುಂದುವರಿಯಬಹುದು. ಅಥವಾ ಬ್ಯಾಂಕು ಒಂದೇ ಬಾರಿಯ ತೀರುವಳಿಗೆ, ಜನ ಓಟಿಎಸ್ ಎನ್ನುವುದಕ್ಕೆ, ಒಪ್ಪಿ ಪೂರ್ತಿಯನ್ನೋ ಭಾಗವನ್ನೋ ಬಿಟ್ಟುಕೊಡಬಹುದು. ಏನೂ ಬರೆಸಿಕೊಳ್ಳದೆ ಹೋದರೆ, ಮಾರಾಟವಾದ ಮೇಲೂ ಆ 6 ಲಕ್ಷ ಬಡ್ಡಿಯೊಡನೆ ಬೆಳೆಯುತ್ತದೆ. ಬ್ಯಾಂಕೇ ಹರಾಜು ಹಾಕಿದರೂ ಮಾತು ಇದೇ: ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದುದನ್ನು ನ್ಯಾಯಮಂಡಳಿ ಅಥವಾ ನ್ಯಾಯಾಲಯದ ಮೂಲಕ ವಸೂಲು ಮಾಡಲು 13(10)ನೇ ಕಲಮು ಅವಕಾಶ ಕೊಟ್ಟಿದೆ. ಹೆಚ್ಚು ಬಂದರೆ, ಖರ್ಚು ಕಳೆದು ಉಳಿದ ಹಣ ಮಾಲೀಕನಿಗೆ ಸಲ್ಲಬೇಕು. ಅದನ್ನು ಕೇಳಿ ಪಡೆಯಲು ಹಿಂಜರಿಯಬೇಕಿಲ್ಲ.

ಜಾಮೀನುದಾರನನ್ನು ಇಂಥ ಲೆಕ್ಕದಲ್ಲಿ ಮರೆಯುವುದೇ ಹೆಚ್ಚು. ಅಣ್ಣನ ಲಾರಿಗೆ ತಮ್ಮ, ಅಳಿಯನ ಮನೆಗೆ ಮಾವ ಸಹಿ ಮಾಡಿರುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮನೆ ಮಾರಾಟವಾಗಿ ಸಾಲಗಾರ ಊರು ಬಿಟ್ಟರೆ, ಉಳಿಕೆಯ ನೋಟಿಸು ಅವರ ಬಾಗಿಲಿಗೆ ಬರುತ್ತದೆ. ತೀರುವಳಿ ಪತ್ರದಲ್ಲಿ ಮೂರು ಸಂಗತಿಗಳು ಅಕ್ಷರದಲ್ಲಿರಬೇಕು: ಕಟ್ಟಬೇಕಾದ ಮೊತ್ತ ಮತ್ತು ಗಡುವು, ಅದು ಸಂದರೆ ಸಾಲ ಪೂರ್ಣವಾಗಿ, ಅಂತಿಮವಾಗಿ ತೀರಿತೆಂಬ ಒಪ್ಪಿಗೆ, ಜಾಮೀನುದಾರರ ಬಿಡುಗಡೆ. ಶಾಖೆಯಲ್ಲಿ ಯಾರೋ ಬಾಯಿಮಾತಿನಲ್ಲಿ ‘ನೋಡಿಕೊಳ್ಳೋಣ’ ಎಂದುದಕ್ಕೆ ಬೆಲೆಯಿಲ್ಲ. ಶಾಖಾಧಿಕಾರಿ ಬದಲಾಗುತ್ತಾರೆ, ಖಾತೆ ಬದಲಾಗುವುದಿಲ್ಲ.

ತೀರುವಳಿಯು ಸಾಲಗಾರನ ಹಕ್ಕು ಎಂಬ ವದಂತಿಯೂ ಇದೆ. ಒಂದೇ ಬಾರಿಯ ತೀರುವಳಿಗೆ ಒಪ್ಪುವಂತೆ ಬ್ಯಾಂಕಿಗೆ ನ್ಯಾಯಾಲಯವು ಆದೇಶಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಬಿಜನೌರಿನ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಹೇಳಿದೆ. ‘ಬ್ಯಾಂಕು ಸಾಲವನ್ನು ರೈಟ್ ಆಫ್ ಮಾಡಿದೆ, ಇನ್ನು ಕಟ್ಟಬೇಕಿಲ್ಲ’ ಎಂಬುದು ಇನ್ನೊಂದು. ರೈಟ್ ಆಫ್ ಎಂದರೆ ಬ್ಯಾಂಕು ತನ್ನ ಲೆಕ್ಕಪುಸ್ತಕವನ್ನು ಸರಿಪಡಿಸಿಕೊಳ್ಳುವುದು ಮಾತ್ರ. ವಸೂಲಾತಿಯ ಹಕ್ಕು ಹಾಗೆಯೇ ಉಳಿಯುತ್ತದೆ. ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಹೊರಡಿಸಿದ ಸೂಚನೆಯಲ್ಲಿ ರಾಜಿ ತೀರುವಳಿ ಬೇರೆ, ರೈಟ್ ಆಫ್ ಬೇರೆ ಎಂದು ವಿಂಗಡಿಸಿದೆ. ರಾಜಿಯಾದರೂ ಸಿಬಿಲ್ ದಾಖಲೆಯಲ್ಲಿ ‘ಮುಕ್ತಾಯ’ವೆಂದು ಬರದೆ ‘ಸೆಟಲ್ಡ್’ ಎಂದು ಬರುತ್ತದೆ, ಮುಂದೆ ಸಾಲ ಕೇಳುವಾಗ ಅದು ಕಾಡುತ್ತದೆ. ಇದನ್ನು ದಲ್ಲಾಳಿಗಳು ಹೇಳುವುದು ಅಪರೂಪ.

2025ರ ಆರಂಭದಲ್ಲಿ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರವು ತಂದ ಸುಗ್ರೀವಾಜ್ಞೆಯೂ ಗೊಂದಲಕ್ಕೆ ಕಾರಣವಾಗಬಲ್ಲದು. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದು ಅದರಲ್ಲಿ ಹೇಳಿರುವುದು ನಿಜ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಅದು ಅನ್ವಯಿಸದು. ಸಹಕಾರಿ ಬ್ಯಾಂಕಿನ ಸಾಲಕ್ಕೆ ಸರ್ಫೇಸಿ ಬರುವುದಿಲ್ಲ ಎಂಬ ವಾದಕ್ಕೂ 2020ರ ಮೇ 5ರ ಸಂವಿಧಾನ ಪೀಠದ ತೀರ್ಪು ತೆರೆ ಎಳೆದಿದೆ.

ಕಂಪ್ಲಿಯ ಕಡೆ ಪ್ರಶ್ನೆಯ ರೂಪವೇ ಬೇರೆ. ತುಂಗಭದ್ರೆಯ ದಂಡೆಯ ಭತ್ತ, ಕಬ್ಬು, ಬಾಳೆಯ ಭೂಮಿಗೆ ಸರ್ಫೇಸಿ ಕಾಯ್ದೆಯ 31(ಐ) ಕಲಮು ವಿನಾಯಿತಿ ಕೊಟ್ಟಿದೆ. ಕೃಷಿ ಭೂಮಿಯನ್ನು ಈ ಕಾಯ್ದೆಯಡಿ ಹರಾಜು ಹಾಕುವಂತಿಲ್ಲ. ಆದರೆ ಪಹಣಿಯಲ್ಲಿ ಹೊಲವೆಂದು ಬರೆದಿದ್ದ ಮಾತ್ರಕ್ಕೆ ವಿನಾಯಿತಿ ಸಿಗದು. ಅಲ್ಲಿ ನಿಜವಾಗಿಯೂ ಬೇಸಾಯ ನಡೆಯುತ್ತಿದೆಯೆಂದು ತೋರಿಸುವ ಹೊಣೆ ಸಾಲಗಾರನದೇ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಹೊಲದ ನಡುವೆ ಅಕ್ಕಿ ಗಿರಣಿ ಎದ್ದಿದ್ದರೆ ಕಥೆ ಬೇರೆಯಾಗಬಹುದು. ಇನ್ನು ವಿನಾಯಿತಿ ಈ ಒಂದು ಕಾಯ್ದೆಗೆ ಸಂಬಂಧಿಸಿದ್ದು. ಬೇರೆ ಕಾನೂನುಗಳಡಿ ವಸೂಲಾತಿ ದಾವೆ ಹೂಡಲು ಅದು ಅಡ್ಡಿಯಲ್ಲ.

ಹಂಪಿಯ ಸುತ್ತ ಕೊಳ್ಳುವವರಿಗೆ ಹೆಚ್ಚಿನ ಎಚ್ಚರ ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಜತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳಿವೆ. ಅನುಮತಿಯಿಲ್ಲದೆ ಕಟ್ಟಿದ ವಸತಿಗೃಹವನ್ನು ‘ಸಾಲದ ತುರ್ತಿಗೆ ಅಗ್ಗವಾಗಿ ಬಿಡುತ್ತಿದ್ದಾರೆ’ ಎಂದು ಕೊಂಡರೆ, ಅಗ್ಗದ ಕಾರಣ ಸಾಲವೊಂದೇ ಅಲ್ಲವೆಂದು ತಡವಾಗಿ ತಿಳಿಯಬಹುದು.

ಖರೀದಿದಾರರು ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದರಷ್ಟೇ ಸಾಲದು. ಹಕ್ಕುಪತ್ರ ಠೇವಣಿಯಿಟ್ಟು ಪಡೆದ ಸಾಲ ನೋಂದಣಿಯಾಗಿರದಿದ್ದರೆ ಅದರಲ್ಲಿ ಕಾಣಿಸದು. ಕೇಂದ್ರದ ಸೆರ್ಸಾಯ್ ದಾಖಲೆಯನ್ನೂ ನೋಡಬೇಕು; ಮೂಲ ಪತ್ರಗಳೆಲ್ಲಿವೆ ಎಂದು ಕೇಳಬೇಕು. ಮಾಲೀಕನ ಕೈಗೆ ಮುಂಗಡ ಕೊಟ್ಟು ಬರೀ ಕ್ರಯದ ಕರಾರು ಮಾಡಿಕೊಂಡರೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಬ್ಯಾಂಕು ಹರಾಜು ಹಾಕಿದರೆ ಆ ಮುಂಗಡವನ್ನು ಮಾಲೀಕನಿಂದಲೇ ವಸೂಲು ಮಾಡಬೇಕು, ಅವನೋ ಮೊದಲೇ ಸಾಲದಲ್ಲಿರುವವನು. ಕಡಿಮೆ ಬೆಲೆಗೆ ಕೊಂಡರೂ ಮುದ್ರಾಂಕ ಶುಲ್ಕವನ್ನು ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದಲ್ಲಿ ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ ಎಂಬುದನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು.

ಎಲ್ಲ ಹಣ ಸಂದ ಮೇಲೆ ಮಾಲೀಕನು ಬೇಬಾಕಿ ಪತ್ರ ಪಡೆಯಬೇಕು. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಮರಳಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕಾಗುತ್ತದೆ.