ಕೊರಳು, ಕಮಾನು ಎರಡೂ ಒಲಿದ ಗವಾಯಿ

ಶ್ರಾವಣ ಬಂತೆಂದರೆ ಔರಾದ, ಭಾಲ್ಕಿ ಕಡೆಯ ಮಠ, ಗುಡಿಗಳಲ್ಲಿ ಪುರಾಣ ಪ್ರವಚನ ಶುರುವಾಗುತ್ತದೆ. ಶಾಸ್ತ್ರಿಗಳ ಮಾತಿನ ನಡುನಡುವೆ ಹಾರ್ಮೋನಿಯಂ ಹಿಡಿದು ಪದ ಹಾಡುವ ಗವಾಯಿ, ಪಕ್ಕದಲ್ಲಿ ತಬಲಾ ಸಾಥಿ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಎಷ್ಟೋ ಜನ ಹೇಳುವುದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನೇ. ಆ ಆಶ್ರಮವನ್ನು ಆರು ದಶಕಕ್ಕೂ ಹೆಚ್ಚು ಕಾಲ ನಡೆಸಿದವರು ಪಂಡಿತ ಪುಟ್ಟರಾಜ ಗವಾಯಿಗಳು.

ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಅವರಿಗೆ ಕೂಸಾಗಿದ್ದಾಗಲೇ ಕಣ್ಣು ಹೋದವು. ಸೋದರಮಾವ ಚಂದ್ರಶೇಖರಯ್ಯ ಹುಡುಗನನ್ನು ಪಂಚಾಕ್ಷರಿ ಗವಾಯಿಗಳ ಕೈಗೊಪ್ಪಿಸಿದರು. ಗುರುಗಳೂ ಅಂಧರೇ, ಹಿಂದೂಸ್ತಾನಿ, ಕರ್ನಾಟಕಿ ಎರಡನ್ನೂ ಅರೆದು ಕುಡಿದವರು.

ಶಿಷ್ಯ ಹಾಡುಗಾರರಾದರು. ಹಾರ್ಮೋನಿಯಂ, ತಬಲಾ, ಮೃದಂಗ, ವೀಣೆ, ಪಿಟೀಲು ಎಲ್ಲಕ್ಕೂ ಕೈ ಹಚ್ಚಿದರು. ಇವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಡುವುದು ಪಿಟೀಲು. ಹಾರ್ಮೋನಿಯಂ ಮನೆ ಒತ್ತಿದರೆ ಗಾಂಧಾರ ಸಿದ್ಧವಾಗಿ ಹೊರಬರುತ್ತದೆ. ವೀಣೆಗೆ ಮೆಟ್ಟಿಲುಗಳ ಆಸರೆಯಿದೆ. ಪಿಟೀಲಿಗೆ ಬೋಳು ಪಟ್ಟಿ, ನಾಲ್ಕು ತಂತಿ, ಅಷ್ಟೇ. ಬೆರಳು ಕೊಂಚ ಸರಿದರೂ ಸ್ವರ ಕೆಟ್ಟಿತು. ಕೊರಳಿಗೂ ಇದೇ ಕಷ್ಟ: ಸ್ವರದ ಜಾಗವನ್ನು ಯಾರೂ ಗುರುತು ಮಾಡಿಟ್ಟಿಲ್ಲ, ಕಿವಿ ಹೇಳಿದಲ್ಲಿ ನಿಲ್ಲಬೇಕು. ಹಿಂದೂಸ್ತಾನಿಯ ಮೀಂಡ್ ಇರಲಿ, ಕರ್ನಾಟಕಿಯ ಗಮಕ ಇರಲಿ, ಹಾಡುವವನ ಗಂಟಲು ಜಾರಿದಂತೆಯೇ ಪಿಟೀಲಿನ ಮೇಲೆ ಬೆರಳು ಜಾರುತ್ತದೆ. ಕಣ್ಣಿದ್ದವನಿಗೂ ಕಣ್ಣು ಇಲ್ಲಿ ನೆರವಾಗದು. ಕೇಳಿಯೇ ಕಲಿಯಬೇಕಾದ ಹುಡುಗನಿಗೆ ಗಾಯನ, ಪಿಟೀಲು ಎರಡು ಬೇರೆ ವಿದ್ಯೆಗಳಾಗಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ನಮ್ಮ ಸೀಮೆಯ ವೇದಿಕೆಗಳಲ್ಲಿ ಹಾರ್ಮೋನಿಯಂ ಸಿಕ್ಕಷ್ಟು ಸುಲಭವಾಗಿ ಪಿಟೀಲು ಸಿಗದು. ಕೇಳುವ ಕಿವಿಗಳಿಗೇನೂ ಬರವಿಲ್ಲ. ಹುಮನಾಬಾದ ಬಳಿಯ ಮಾಣಿಕನಗರ 19ನೇ ಶತಮಾನದ ಮಾಣಿಕಪ್ರಭುಗಳ ಕಾಲದಿಂದಲೂ ಗಾಯಕರಿಗೆ ಆಸರೆ ಕೊಟ್ಟ ಜಾಗ. ಪುಣ್ಯಾಶ್ರಮದಲ್ಲಿ ಪಳಗಿ ಬಂದವರಿಂದ ಔರಾದದ ಮಕ್ಕಳಿಗೆ ಹಾಡಿನ ಜೊತೆಗೇ ಪಿಟೀಲಿನ ಪಾಠವನ್ನೂ ಹೇಳಿಸಬೇಕು. ಹಾಗೆ ಕಲಿತ ಮಗುವಿನ ಶ್ರುತಿಜ್ಞಾನವೇ ಬೇರೆ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಅಂಧ, ಅನಾಥ, ಬಡಮಕ್ಕಳ ಊಟ, ವಸತಿ, ಪಾಠದ ಹೊಣೆಯೆಲ್ಲ ಹೆಗಲಿಗೆ ಬಿತ್ತು. ನಾಟಕ ಬರೆದರು, ಕಂಪನಿ ಕಟ್ಟಿ ಊರೂರು ತಿರುಗಿದರು. ಆ ಗಳಿಕೆ ಆಶ್ರಮದ ಒಲೆಗೆ ಹೋಯಿತು. ಮುಂದೆ ಭಕ್ತರು ಮಾಡಿದ ತುಲಾಭಾರಗಳ ಹಣವೂ ಅಲ್ಲಿಗೇ. ಇದರ ನಡುವೆ ಕನ್ನಡ, ಸಂಸ್ಕೃತ, ಹಿಂದಿಯಲ್ಲಿ 80ಕ್ಕೂ ಹೆಚ್ಚು ಕೃತಿ ರಚಿಸಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಹುಡುಗನೊಬ್ಬನನ್ನು 1968ರಲ್ಲಿ ಸೋದರಮಾವ ಬೆಳಗಲ್ಲು ವೀರಣ್ಣ ಇದೇ ಆಶ್ರಮಕ್ಕೆ ತಂದುಬಿಟ್ಟರು. ಹನ್ನೆರಡು ವರ್ಷ ಅಲ್ಲೇ ಉಂಡು, ಕಲಿತ ಆ ಹುಡುಗ ಇಂದು ದೇಶವೇ ಕೂತು ಕೇಳುವ ಪಂಡಿತ ವೆಂಕಟೇಶ ಕುಮಾರ್.